ಮುಳ್ಳು ನೋಡಿದ ಕೈ

ಗುರುವಾರ, ಬೆಳಿಗ್ಗೆ ಹತ್ತೂವರೆ

ನನ್ನ ಸಿಡುಕಿ ಮಗಳೇ,

ಗುರುವಾರ ಹತ್ತೂವರೆಗೆ ಅಮ್ಮ ಮನೆಯಲ್ಲಿ ಕೂತು ಕಾಗದ ಬರೆಯುತ್ತಿದ್ದಾಳೆ ಎಂದರೆ ಏನೋ ಎಡವಟ್ಟಾಗಿದೆ ಎಂದು ನಿನಗೆ ಆಗಲೇ ಅನ್ನಿಸಿರುತ್ತದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ವಾರದ ದಿನ ಈ ಹೊತ್ತಿಗೆ ನಾನು ಮೀನಂಗಡಿಯ ಮೇಜಿನ ಮುಂದೆ ಇಲ್ಲದೆ ಇದ್ದದ್ದು ಎರಡೇ ಸಲ. ನಿನ್ನ ಅಪ್ಪ ಹೋದಾಗ ಒಮ್ಮೆ, ನಿನಗೆ ಗುಬ್ಬಿ ಹುಟ್ಟಿದಾಗ ಒಮ್ಮೆ. ಇದು ಮೂರನೆಯದು. ಈ ಲಕೋಟೆಯನ್ನು ಮೀನಿನ ವ್ಯಾನಿನ ಡ್ರೈವರ್ ಕೈಲಿ ಕೊಡುತ್ತೇನೆ, ಅವನು ನಾಳೆ ಬೆಳಿಗ್ಗೆ ನಿಮ್ಮ ಬೀದಿಯ ಮೇಲೇ ಹೋಗುತ್ತಾನೆ. ಕಾಗದ ನಾತ ಹೊಡೆದರೆ ಮೂಗು ಮುಚ್ಚಿಕೊಂಡು ಓದು, ಆದರೆ ಕೊನೆಯ ತನಕ ಓದು.

ಮೂರು ಸಲ ಫೋನ್ ಮಾಡಿದೆ. ಮೊದಲ ಸಲ ನೀನು "ಹೇಳಮ್ಮ" ಎಂದ ಕೂಡಲೇ ನಿಮ್ಮ ಬೀದಿಗೆ ನೀರು ಬರುತ್ತಿದೆಯಾ ಎಂದು ಕೇಳಿದೆ. ಎರಡನೆಯ ಸಲ ಗುಬ್ಬಿ ಏನಾದರೂ ತಿಂದನಾ ಎಂದು ಕೇಳಿದೆ. ಹಾಲು ಬಿಟ್ಟು ಬೇರೇನೂ ಇಲ್ಲ, ತಟ್ಟೆ ಕಂಡರೆ ಎರಡೂ ಕೈಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತಾನೆ ಎಂದೆ ನೀನು. ಮೂರನೆಯ ಸಲ ನೀನೇ ಮಾತಾಡಿದೆ. ಶನಿವಾರ ಹನ್ನೊಂದಕ್ಕೆ ವಕೀಲರ ಹತ್ತಿರ ಹೋಗುತ್ತೇನೆ, ಬೇರೆಯಾಗುವ ಕಾಗದಕ್ಕೆ ಸಹಿ ಹಾಕಿ ಬರುತ್ತೇನೆ ಎಂದೆ. "ಮಗು ಬಾಯಿಗೆ ಹೋಗೋದನ್ನೂ ನೆಟ್ಟಗೆ ನೋಡದ ಮನುಷ್ಯ ಅಮ್ಮ ಅವನು. ಇಷ್ಟು ವರ್ಷದಲ್ಲಿ ಒಂದು ಮಾತಾದ್ರೂ ಉಳಿಸ್ಕೊಂಡಿದಾನಾ?" ಎಂದೆ. ನಾನು "ಹ್ಞೂಂ" ಎಂದು ಫೋನ್ ಇಟ್ಟೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವರಿಗೆ ಅಷ್ಟೇ ಬರುವುದು.

ಇನ್ನು ಸುತ್ತಿ ಬಳಸುವುದಿಲ್ಲ. ಆ ಭಾನುವಾರ ಮೀನಿನ ಮುಳ್ಳು ತೆಗೆದದ್ದು ನಿನ್ನ ಗಂಡ ಅಲ್ಲ, ನಾನು.

ಈಗ ಕೂತುಕೋ. ನೀನು ನಿಂತುಕೊಂಡೇ ಓದುತ್ತಿರುತ್ತೀಯ, ನನಗೆ ಗೊತ್ತು.

ಆ ದಿನ ನಿನಗೆ ಔಷಧಿ ಅಂಗಡಿಯಲ್ಲಿ ಡ್ಯೂಟಿ ಇತ್ತು. ನಾನು ಅಂಗಡಿಯಿಂದ ಸಾಲ್ಮನ್ ತುಂಡು ಹಿಡಿದುಕೊಂಡು ಬಂದೆ, ನಡುಭಾಗದ್ದು, ಒಳ್ಳೆಯ ದಪ್ಪ ಇತ್ತು. ನಿನ್ನ ಗಂಡ ಆ ಏರ್ ಫ್ರೈಯರ್ ತಂದ ದಿನ ನಾನು ಎಷ್ಟು ಗೇಲಿ ಮಾಡಿದ್ದೆ, ಎಣ್ಣೆಯ ಮುಖ ನೋಡದ ಬಾಣಲೆ ಎಂದು. ಆಮೇಲೆ ಅದರಲ್ಲಿ ಮಾಡಿದ ಸಾಲ್ಮನ್ ಚೂರುಗಳನ್ನು ಗುಬ್ಬಿ ಒಂದೇ ಸಲಕ್ಕೆ ಒಂಬತ್ತು ತಿಂದ ಮೇಲೆ ನಾನೂ ಬಾಯಿ ಮುಚ್ಚಿಕೊಂಡೆ. ಅವನ ಲೆಕ್ಕದಲ್ಲಿ ಅದು "ಚೌಕ ಮೀನು". ಪುಟ್ಟ ಸ್ಟೂಲ್ ಎಳೆದುಕೊಂಡು ಫ್ರೈಯರ್ ಮುಂದೆ ಕೂತು, ಅದು ಟಿಂಗ್ ಎನ್ನುವುದನ್ನೇ ಕಾಯುತ್ತಿದ್ದ. ಅವತ್ತೂ ಹಾಗೇ ಕೂತಿದ್ದ.

ನಮ್ಮ ಅಂಗಡಿಯ ಒಂದು ಪದ್ಧತಿ ನಿನಗೆ ಚಿಕ್ಕಂದಿನಿಂದ ಗೊತ್ತು. ಮುಳ್ಳನ್ನು ಕಣ್ಣಿನಿಂದ ಹುಡುಕುವುದಿಲ್ಲ, ಬೆರಳಿನಿಂದ ಹುಡುಕುತ್ತೇವೆ. ತಲೆಯ ಕಡೆಯಿಂದ ಬಾಲದ ಕಡೆಗೆ ಬೆರಳ ತುದಿ ಸವರಿದರೆ ಮುಳ್ಳಿನ ಮೊನೆ ತಾಗುತ್ತದೆ, ಚಿಮಟದಿಂದ ಹಿಡಿದು ಎಳೆಯಬೇಕು. ಚೂರು ಮಾಡುವ ಮೊದಲೇ ಇದು ಮುಗಿಯಬೇಕು, ಇಲ್ಲವಾದರೆ ಚಾಕು ಮುಳ್ಳನ್ನೂ ಚೂರು ಮಾಡುತ್ತದೆ, ಆಮೇಲೆ ದೇವರಿಗೂ ಸಿಗುವುದಿಲ್ಲ. ನೋಡಿ ಮುಗಿಸಿದವರು "ಕೈ ಆಯ್ತು" ಎನ್ನುತ್ತಾರೆ. ಹಾಗೆಂದ ಮೇಲೆ ಆ ತುಂಡನ್ನು ಇನ್ನೊಬ್ಬರು ಮುಟ್ಟಿ ನೋಡುವುದಿಲ್ಲ. ಮುಟ್ಟಿದರೆ ಮೊದಲಿನವರ ಮುಖಕ್ಕೆ ಹೊಡೆದಂತೆ. ನಾನು ಆ ಪದ್ಧತಿಯನ್ನು ಮನೆಗೂ ತಂದೆ. ನಿನ್ನ ಅಡುಗೆಮನೆಯಲ್ಲಿ ನಿಂತು ಮೀನು ಸವರಿದೆ, ಹದಿನೈದೋ ಹದಿನಾರೋ ಮುಳ್ಳು ಎಳೆದೆ, "ಕೈ ಆಯ್ತು" ಎಂದೆ. ಅವನು ಚೂರು ಮಾಡಿದ. ನೀರು ಒರೆಸಿ, ಚೂರು ಎಣ್ಣೆ, ಉಪ್ಪು, ಮೆಣಸಿನ ಪುಡಿ ಸವರಿ ಬುಟ್ಟಿಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿದ. ಇನ್ನೂರು ಡಿಗ್ರಿ, ಏಳು ನಿಮಿಷ. ಟಿಂಗ್ ಎಂದಿತು. ಊದಿ ಊದಿ ಆರಿಸಿ ಕೊಟ್ಟ.

ನಾಲ್ಕನೆಯ ಚೂರಿಗೆ ಗುಬ್ಬಿ ಬಾಯಿ ತೆರೆದ, ಶಬ್ದ ಬರಲಿಲ್ಲ. ಆಮೇಲೆ ಬಂದದ್ದು ಅಳುವಲ್ಲ, ಬೇರೆ ಏನೋ. ನಿನ್ನ ಗಂಡ ಅವನನ್ನು ಎತ್ತಿಕೊಂಡು ಬರಿಗಾಲಲ್ಲೇ ಮೆಟ್ಟಿಲಿಳಿದ. ಲಿಫ್ಟ್ ರಿಪೇರಿ ಮಾಡುವವನು, ಲಿಫ್ಟ್ ಬರುವುದನ್ನು ಕಾಯಲಿಲ್ಲ. ನಾನು ಅವನ ಚಪ್ಪಲಿ ಕೈಲಿ ಹಿಡಿದುಕೊಂಡು ಹಿಂದೆ ಓಡಿದೆ. ಆಸ್ಪತ್ರೆಗೆ ನೀನು ಬಂದು ಮುಟ್ಟುವಷ್ಟರಲ್ಲಿ ಮಗುವನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಇಪ್ಪತ್ತು ನಿಮಿಷ ಆ ಬಾಗಿಲು ತೆರೆಯಲಿಲ್ಲ. ಆ ಇಪ್ಪತ್ತು ನಿಮಿಷ ನಿನ್ನ ಮುಖ ಹೇಗಿತ್ತು ಎಂದು ನಾನು ಬರೆಯುವುದಿಲ್ಲ.

ಡಾಕ್ಟರಮ್ಮ ಹೊರಗೆ ಬಂದು ಹತ್ತಿಯ ಮೇಲಿಟ್ಟ ಮುಳ್ಳು ತೋರಿಸಿದರು. ಉಗುರಿನಷ್ಟೂ ಉದ್ದ ಇರಲಿಲ್ಲ, ಒಂದು ತುದಿ ಚಾಕು ತಾಗಿ ತುಂಡಾಗಿತ್ತು. ಗಂಟಲು ಊದಿದೆ, ಎರಡು ದಿನ ಇಲ್ಲೇ ಇರಲಿ ಎಂದರು. ಆಮೇಲೆ ಬೈಯುವ ದನಿಯಲ್ಲೇನೂ ಅಲ್ಲ, ಬರೆದುಕೊಳ್ಳುವುದಕ್ಕೆ ಕೇಳಿದರು, "ಮುಳ್ಳು ನೋಡಿದ್ದು ಯಾರು?" ಎಂದು. ನಾನು ಬಗ್ಗಿ ಅವನ ಚಪ್ಪಲಿಯನ್ನು ನೆಲಕ್ಕಿಡುತ್ತಿದ್ದೆ. ಅವನು ನನ್ನ ಕಡೆ ಒಮ್ಮೆ ನೋಡಿ "ನಾನೇ" ಎಂದ.

ನೀನು ಅಲ್ಲೇ ಅವನ ಮೇಲೆ ಬಿದ್ದೆ. ನಲ್ಲಿ ತೆರೆದಿಟ್ಟು ಹೋದದ್ದು, ಬಾಲ್ಕನಿ ಚಿಲಕ ಹಾಕದೆ ಬಿಟ್ಟದ್ದು, ಸ್ಕೂಲಿಗೆ ಕರೆಯಲು ಹೋಗುತ್ತೇನೆಂದು ಮರೆತದ್ದು, ಎಲ್ಲ ಅವತ್ತೇ ಹೊರಗೆ ಬಂತು. ಅವೆಲ್ಲ ನಿಜವೇ, ಅದಕ್ಕೇ ಇದೂ ನಿಜ ಎಂದು ಯಾರಿಗೂ ಅನುಮಾನ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಹಾಕುವಾಗ ಎತ್ತು ಪಕ್ಕದಲ್ಲೇ ನಿಂತು ನಿನ್ನ ಬೆನ್ನು ಸವರುತ್ತಿತ್ತು. ನಾಚಿಕೆ ಎಂದರೆ ಏನು ಎಂದು ನನಗೆ ಅವತ್ತು ಗೊತ್ತಾಯಿತು, ಆದರೂ ಬಾಯಿ ಬಿಡಲಿಲ್ಲ. ಅವನು ಯಾಕೆ ಹಾಗೆ ಹೇಳಿದನೋ ನನಗೆ ತಿಳಿಯದು.

ಆ ಸಂಜೆ ನಿನ್ನ ಮನೆಗೆ ಬಟ್ಟೆ ತರಲು ಹೋದೆನಲ್ಲ, ತಟ್ಟೆಯಲ್ಲಿ ಉಳಿದ ಚೂರುಗಳು ಹಾಗೇ ಇದ್ದವು. ಕಣ್ಣು ಮುಚ್ಚಿ ಒಂದೊಂದನ್ನೂ ಬಿಡಿಸಿ ಬೆರಳಾಡಿಸಿದೆ, ಏನೂ ತಾಗಲಿಲ್ಲ. ದೀಪದ ಕೆಳಗೆ ಕನ್ನಡಕ ಹಾಕಿ ನೋಡಿದರೆ ಮೂರು ಮುಳ್ಳಿದ್ದವು. ಆಗಲೇ ನನಗೆ ಗೊತ್ತಾದದ್ದು, ನನ್ನ ಬೆರಳ ತುದಿಗಳು ಸತ್ತಿವೆ ಎಂದು. ಅಷ್ಟು ವರ್ಷ ಮಂಜುಗಡ್ಡೆಯಲ್ಲಿ ಅದ್ದಿದ ಕೈ, ಇನ್ನೇನಾಗುತ್ತದೆ. ಹೋದ ತಿಂಗಳು ನನ್ನ ಬೆರಳ ಬೊಬ್ಬೆ ನೋಡಿ ನೀನು ಕೇಳಿದಾಗ ಹಬೆ ಬಡಿಯಿತು ಎಂದಿದ್ದೆ, ಅದು ಬಿಡು.

ನಿನ್ನೆ ಅಂಗಡಿಯ ಯಜಮಾನಮ್ಮನಿಗೆ ಹೇಳಿದೆ. ಅವಳು ನಂಬಲಿಲ್ಲ. "ಕಣ್ಣು ಮುಚ್ಚು" ಎಂದಳು, ಮುಚ್ಚಿದೆ. "ನಿನ್ನ ಬೆರಳ ಮೇಲೆ ಏನಿಟ್ಟಿದೀನಿ ಹೇಳು" ಎಂದಳು. "ಇನ್ನೂ ಏನೂ ಇಟ್ಟಿಲ್ವಲ್ಲ" ಎಂದೆ. ಕಣ್ಣು ತೆರೆದರೆ ಮೂರು ಬೆರಳ ಮೇಲೂ ಒಂದೊಂದು ಮುಳ್ಳು, ಸಾಲಾಗಿ. ಯಜಮಾನಮ್ಮ ನನ್ನ ಕೈ ಹಿಡಿದುಕೊಂಡು, "ನೀನು ಹೇಳದೆ ಇದ್ದಿದ್ರೆ ನಾನು ಇನ್ನೂ ಹತ್ತು ವರ್ಷ ನಿನ್ನ ಕೈ ಮೇಲೆ ಆಣೆ ಇಡ್ತಿದ್ದೆ" ಎಂದಳು. ಸೋಮವಾರದಿಂದ ತೂಕದ ಕಡೆ ಕೂರಬೇಕಂತೆ. ಚಾಕು ತೊಳೆದು ಒರೆಸಿ ಕೊಟ್ಟು ಬಂದೆ. ದಾರಿಯಲ್ಲಿ ಅತ್ತೆ, ಅದನ್ನು ಮುಚ್ಚಿಡುವುದಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನೀನು ಹಲ್ಲು ಕಡಿಯುತ್ತಿರಬೇಕು. ಕಡಿ. ಆದರೆ ಶನಿವಾರ ಆ ಕಾಗದಕ್ಕೆ ಸಹಿ ಹಾಕಬೇಡ. ಮಾಡದ ತಪ್ಪಿಗೆ ಅವನು ಹನ್ನೊಂದು ದಿನದಿಂದ ತನ್ನ ಅಣ್ಣನ ಮನೆಯ ಸೋಫಾದ ಮೇಲೆ ಮಲಗುತ್ತಿದ್ದಾನೆ. ನಲ್ಲಿಗೆ, ಚಿಲಕಕ್ಕೆ ಎಷ್ಟು ಬೇಕಾದರೂ ಜಗಳ ಆಡು, ಅದು ನಿಮ್ಮಿಬ್ಬರ ವಿಷಯ. ಮುಳ್ಳಿನ ಪಾಲು ಮಾತ್ರ ನನ್ನದು, ಅದನ್ನು ನನಗೆ ಕೊಟ್ಟುಬಿಡು. ಇನ್ನು ಮೇಲೆ ಗುಬ್ಬಿಯನ್ನು ನನ್ನ ಹತ್ತಿರ ಬಿಡುವುದೂ ಬಿಡದೆ ಇರುವುದೂ ನಿನ್ನ ಇಷ್ಟ. ಬಿಡುವುದಿಲ್ಲ ಎಂದರೂ ನಾನು ಯಾಕೆ ಎಂದು ಕೇಳುವುದಿಲ್ಲ. ಸಂಕಟ ಆಗುತ್ತದೆ, ಆಗಲಿ.

ಗುಬ್ಬಿ ಮತ್ತೆ ತಿನ್ನಬೇಕಾದರೆ ಬೈದು ಹೆದರಿಸಿ ಆಗುವುದಿಲ್ಲ. ಸ್ಟೂಲ್ ಹಾಕಿ ಪಕ್ಕದಲ್ಲಿ ಕೂರಿಸಿಕೋ. ಮೀನನ್ನು ನೀನು ಮುಟ್ಟಿ ನೋಡು, ಆಮೇಲೆ ನಿನ್ನ ಗಂಡನೂ ಮುಟ್ಟಿ ನೋಡಲಿ, ಆಮೇಲೆ ಗುಬ್ಬಿಯ ಪುಟ್ಟ ಬೆರಳೂ ಆ ಮೀನಿನ ಮೇಲೆ ಆಡಲಿ. ನಮ್ಮ ಅಂಗಡಿಯ ಪದ್ಧತಿ ಅಂಗಡಿಯಲ್ಲೇ ಇರಲಿ, ಮನೆಯಲ್ಲಿ ಯಾರೂ ಕೈ ಆಯ್ತು ಎನ್ನಬೇಡಿ. ಚೂರುಗಳು ಒಂದೇ ಅಳತೆಗಿರಲಿ, ಇಲ್ಲವಾದರೆ ಚಿಕ್ಕದು ಒಣಗಿ ದೊಡ್ಡದು ಹಸಿ ಉಳಿಯುತ್ತದೆ. ನಾಲ್ಕನೆಯ ನಿಮಿಷಕ್ಕೆ ಬುಟ್ಟಿಯನ್ನು ಒಮ್ಮೆ ಕುಲುಕು. ಬೆಂದ ಮೇಲೆ ಪ್ರತಿ ಚೂರನ್ನೂ ಅವನ ಕಣ್ಣೆದುರಿಗೇ ಬಿಡಿಸಿ ಮೊದಲು ನೀವಿಬ್ಬರೂ ತಿನ್ನಿ. ಅವನು ಮೊದಲ ದಿನ ತಿನ್ನುವುದಿಲ್ಲ, ಎರಡನೆಯ ದಿನವೂ ಇಲ್ಲ. ಟಿಂಗ್ ಎಂದಾಗ ಅವನ ಕೈ ಗಂಟಲಿಗೆ ಹೋಗದೆ ಇದ್ದ ದಿನ ನನಗೊಂದು ಮಾತು ತಿಳಿಸು, ಸಿಟ್ಟಿನಲ್ಲೇ ತಿಳಿಸಿದರೂ ಸರಿ.

ನಿನ್ನ ಬೈಗುಳಕ್ಕೆ ಬಾಗಿಲು ತೆರೆದಿಟ್ಟು ಕೂತಿರುವ,
ಅಮ್ಮ

ಮತ್ತೆ: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಮೇಲಿನದರಲ್ಲಿ ಎರಡು ಸುಳ್ಳು ಉಳಿದುಕೊಂಡಿವೆ, ಅವು ಹೋಗದೆ ಈ ಕಾಗದ ಹೋಗಬಾರದು.

ಬೆರಳು ಸತ್ತದ್ದು ನನಗೆ ಆ ಸಂಜೆ ಗೊತ್ತಾದದ್ದಲ್ಲ. ಏಳು ತಿಂಗಳಿಂದ ಗೊತ್ತು, ಅಂದಿನಿಂದ ಕಣ್ಣಿಗೆ ಕಂಡ ಮುಳ್ಳನ್ನಷ್ಟೇ ಎಳೆಯುತ್ತಿದ್ದೆ. ಬೊಬ್ಬೆ ಹಬೆಯದ್ದಲ್ಲ. ಹೋದ ತಿಂಗಳು ನಿನ್ನ ಮನೆಯಲ್ಲಿ ಕಾದ ಫ್ರೈಯರ್ ಬುಟ್ಟಿಯನ್ನು ಬರಿಗೈಯಲ್ಲಿ ಹಿಡಿದು ನಿಂತಿದ್ದೆ, ಬಿಸಿ ಗೊತ್ತಾಗಲಿಲ್ಲ. ನಿನ್ನ ಗಂಡ ಓಡಿ ಬಂದು ಕಿತ್ತುಕೊಂಡ. ನಿನಗೆ ಹೇಳೋಣ, ಡಾಕ್ಟರಿಗೆ ತೋರಿಸೋಣ ಎಂದು ಗೋಗರೆದ. ಮೇಜು ಬಿಟ್ಟರೆ ನನಗೆ ಬದುಕಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡು ಎಂದೆ. ಕೊಟ್ಟ. ಆ ಭಾನುವಾರವೂ ಅವನು ಚಿಮಟ ಕೈಲಿ ಹಿಡಿದು "ಅತ್ತೆ, ನಾನೊಂದ್ಸಲ ನೋಡ್ಲಾ?" ಎಂದು ಕೇಳಿದ. "ಕೈ ಆಯ್ತು ಅಂದ್ಮೇಲೆ ಆಯ್ತು" ಎಂದು ನಾನು ಅವನ ಕೈಯಿಂದ ಚಿಮಟ ಕಿತ್ತುಕೊಂಡೆ.

ಆಸ್ಪತ್ರೆಯಲ್ಲಿ ಅವನು ಯಾಕೆ ನಾನೇ ಎಂದನೋ ತಿಳಿಯದು ಎಂದೆನಲ್ಲ, ಅದು ಎರಡನೆಯ ಸುಳ್ಳು, ಯಾಕೆಂದು ಈಗ ನಿನಗೂ ಗೊತ್ತು. ಇಷ್ಟು ವರ್ಷದಲ್ಲಿ ಒಂದು ಮಾತಾದರೂ ಉಳಿಸಿಕೊಂಡಿದ್ದಾನಾ ಎಂದು ಕೇಳಿದೆಯಲ್ಲ. ಒಂದು ಉಳಿಸಿಕೊಂಡಿದ್ದಾನೆ ಮಗಳೇ, ನನಗೆ ಕೊಟ್ಟದ್ದು.