ಸೋರೆಕಾಯಿ ಮಫಿನ್

ಗೋರೆಗಾಂವ್ ಪೂರ್ವ, ಮುಂಬಯಿ
೨೧-೭-೨೦೨೪, ಭಾನುವಾರ

ಪ್ರೀತಿಯ ಶೀಲಾವತಿಗೆ,

ನಾನೂ ಯಕ್ಷಿತಾಳೂ ಕ್ಷೇಮ. ಅಲ್ಲಿ ನೀನು, ನಿನ್ನ ಅಣ್ಣ, ಅತ್ತಿಗೆ, ಮಕ್ಕಳು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನೀನು ಕಾರ್ಕಳಕ್ಕೆ ಹೋಗಿ ಆರು ವಾರವಾಯಿತು. ಇಷ್ಟು ದಿನ ಬರೆಯದೆ ಕುಳಿತದ್ದಕ್ಕೆ ಬೇಸರ ಮಾಡಬೇಡ. ಫೋನ್ ಮಾಡಿದಾಗಲೆಲ್ಲ ನಿನ್ನ ಅತ್ತಿಗೆಯೇ ಎತ್ತಿಕೊಂಡು, "ಅವರು ಸ್ನಾನಕ್ಕೆ ಹೋಗಿದ್ದಾರೆ ಭಾವ" ಎನ್ನುತ್ತಾರೆ. ಮೊನ್ನೆ ಒಂದೇ ದಿನ ನೀನು ಮೂರು ಸಲ ಸ್ನಾನ ಮಾಡಿದ್ದೀ. ಅದಕ್ಕೇ ಪೆನ್ನು ಹಿಡಿದೆ. ಮದುವೆಯಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು.

ಇಲ್ಲಿಯ ಸುದ್ದಿ ಎಂದರೆ ಹೇಸಿಗೆಯ ಸುದ್ದಿ. ನಾನು ಮಫಿನ್ ಮಾಡುತ್ತಿದ್ದೇನೆ. ನೀನು ಮಾಡಿದ್ದೆಯಲ್ಲ, ಅದೇ. ಗೋಧಿ ಹಿಟ್ಟು, ತುರಿದ ಸೋರೆಕಾಯಿ, ಹೆಸರಿಗೆ ಎರಡು ಚಮಚ ಸಕ್ಕರೆ. ಅಂಧೇರಿಯ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ಒಲೆಯ ಮುಂದೆ ನಿಂತವನಿಗೆ ಅಂಗೈಯಷ್ಟು ಕೇಕು ಏನು ಮಹಾ ಎಂದುಕೊಂಡಿದ್ದೆ.

ಮೊದಲ ಸಲ ನೋಡಲು ಚೆನ್ನಾಗಿಯೇ ಉಬ್ಬಿತ್ತು. ಕಾಗದದ ಕಪ್ ಬಿಡಿಸಿದರೆ ಅಡಿಯಲ್ಲೆಲ್ಲ ಲೋಳೆ. ಬಾಯಿಗಿಟ್ಟರೆ ಹಸಿ ಸೋರೆಕಾಯಿಯ ವಾಸನೆ, ಮೇಲಿಂದ ಸೋಡಾ ಹೆಚ್ಚಾಗಿ ಸಾಬೂನಿನ ರುಚಿ. ಅಂಗುಳಿಗೆ ಅಂಟಿದ್ದನ್ನು ಬೆರಳು ಹಾಕಿ ಕೆರೆದು ತೆಗೆಯಬೇಕಾಯಿತು. ನೆಲ ಒರೆಸಿದ ಬಟ್ಟೆ ಚೀಪಿದ ಹಾಗೆ. ಯಕ್ಷಿತಾ ಒಂದು ಚೂರು ಬಾಯಿಗೆ ಹಾಕಿಕೊಂಡು ನೆಟ್ಟಗೆ ಸಿಂಕಿನ ಕಡೆ ನಡೆದಳು. "ಪಪ್ಪಾ, ಇದು ದೋಸೆ ಹಿಟ್ಟಲ್ಲ. ಅಷ್ಟು ಜೋರು ಯಾಕೆ ಕಲಸಿದ್ದು? ಥೋಡಾ ಸಾ ಮಿಕ್ಸ್ ಕರ್ನೇ ಕಾ, ಬಸ್. ಸ್ವಲ್ಪ ಕಲಸಿದರೆ ಸಾಕು" ಎಂದಳು. ನನ್ನ ಮಗಳು ನನಗೆ ಹಿಟ್ಟು ಕಲಸುವುದನ್ನು ಹೇಳಿಕೊಟ್ಟಳು.

ಎರಡನೇ ಸಲ ಬೀಟ್‌ರೂಟ್ ಹಾಕಿದೆ. ಓವನ್ನಿಗೆ ಹೋಗುವಾಗ ಅಂದವಾದ ಕೆಂಪು, ಹೊರಗೆ ಬರುವಾಗ ಹಳೇ ಗಾಯದ ಮೇಲಿನ ಹಕ್ಕಳೆಯ ಬಣ್ಣ. ತಿಂದರೆ ಮಣ್ಣು. ಚೆಲ್ಲಲು ಮನಸ್ಸಾಗದೆ ಡಬ್ಬಿಯಲ್ಲಿಟ್ಟು ಮರೆತೆ. ಈ ಮಳೆಗಾಲದ ಸೆಕೆಗೆ ಮೂರನೇ ದಿನ ಮುಚ್ಚಳ ತೆಗೆದಾಗ ಹುಳಿ ನಾತ, ಮೇಲೆಲ್ಲ ಬಿಳಿ ರೋಮ, ಮುರಿದರೆ ಒಳಗಿಂದ ಜೇಡರ ಬಲೆಯಂಥ ಎಳೆ. ಆ ರಾತ್ರಿ ಗಂಜಿಯೂ ಇಳಿಯಲಿಲ್ಲ. ಡಬ್ಬಿಯನ್ನೇ ಎಸೆದೆ. ನಿನ್ನ ನೀಲಿ ಮುಚ್ಚಳದ ಡಬ್ಬಿ, ಕ್ಷಮಿಸು.

ಮೂರನೇ ಸಲಕ್ಕೆ ಪಕ್ಕದ ಮನೆಯ ಶೀತಲ ಬಂದು ನೋಡಿದಳು. ಸೊಸೆಯಂತೆ ಓಡಾಡುವ ಹುಡುಗಿ, ನಿಪ್ಪಾಣಿಯ ಮಾತು ಇನ್ನೂ ಬಿಟ್ಟಿಲ್ಲ. "ಕಾಕಾ, ನೀರ ಹಿಂಡಿ ಹಾಕ್ರಿ. ಕಾಕಿ ಬಟ್ಟ್ಯಾಗ ಕಟ್ಟಿ ಹಿಂಡತಿದ್ರು" ಎಂದಳು. ಕ್ಯಾರೆಟ್ ತುರಿದು, ಹಿಂಡಿ, ನಾಲ್ಕು ಖರ್ಜೂರ ಅರೆದು ಹಾಕಿದೆ. ಹನ್ನೆರಡರಲ್ಲಿ ಏಳು ನಿಜವಾಗಿ ಚೆನ್ನಾಗಿದ್ದವು. ನಡುವಿನ ಐದು ಒಳಗೆ ಹಸಿ. ಏಳನ್ನು ಯಕ್ಷಿತಾ ಮಲಾಡಿನ ಆಫೀಸಿಗೆ ಒಯ್ದಳು, ಖಾಲಿ ಡಬ್ಬಿ ತಂದಳು. ಆ ಧೈರ್ಯದಲ್ಲಿ ಇವತ್ತು ಮತ್ತೆ ಸೋರೆಕಾಯಿಗೆ ಕೈ ಹಾಕಿದೆ. ಲೋಳೆ ಹೋಗಿದೆ, ರುಚಿ ಬಂದಿಲ್ಲ. ಸಕ್ಕರೆ ಸಾಲದೆ ಬಣ್ಣವೂ ಏರಲಿಲ್ಲ, ಹೆಣದ ಹಾಗೆ ಬಿಳುಚಿಕೊಂಡಿವೆ. ಆದರೂ ಒಂದನ್ನು ಪೂರ್ತಿ ತಿಂದೆ. ನುಂಗುವಾಗ ಎರಡು ಸಲ ಓಕರಿಕೆ ಬಂತು.

ಹಾಗೆ ತಿನ್ನುವಾಗ ಆ ಸಂಜೆ ನೆನಪಾಯಿತು. ಅದನ್ನು ಬರೆಯದೆ ಈ ಕಾಗದ ಮುಗಿಯುವುದಿಲ್ಲ. ನಮ್ಮ ಹೋಟೆಲಿನ ಅಂಗಾರನೂ ಅವನ ಹೆಂಡತಿಯೂ ಬಂದಿದ್ದರು. ನೀನು ತಟ್ಟೆಯಲ್ಲಿ ಮಫಿನ್ ತಂದಿಟ್ಟು, "ಈ ವಯಸ್ಸಿನಲ್ಲಿ ನಾವು ಸಕ್ಕರೆ ಕಡಿಮೆ ಮಾಡುವ ಅಂತ" ಎಂದೆ. ಮೊಬೈಲಿನಲ್ಲಿ ಯಾರೋ ಹತ್ತಿಸಿದ ಹುಚ್ಚು ಎಂದುಕೊಂಡೆ ನಾನು. ಒಂದು ತುತ್ತು ಅಗಿದು, ಎಲ್ಲರ ಎದುರು ತಟ್ಟೆಗೇ ಉಗುಳಿದೆ. "ನಮ್ಮ ಹೋಟೆಲಿನ ಎಂಜಲು ಡ್ರಮ್ಮಿಗೂ ಇದು ಬೇಡ" ಎಂದೆ. ಅಂಗಾರ ನಕ್ಕ. ಅವನು ನಗಲೆಂದೇ ಹೇಳಿದ್ದು. ನಿನ್ನ ಮಫಿನ್ ಅಷ್ಟು ಕೆಟ್ಟದಾಗಿ ಇರಲಿಲ್ಲ ಶೀಲಾ. ನುಂಗಬಹುದಿತ್ತು. ಈಗ ನನ್ನ ಕೈಯದ್ದು ತಿಂದ ಮೇಲೆ ಖಾತ್ರಿಯಾಗಿ ಹೇಳುತ್ತೇನೆ.

ನಾನು ಉಗುಳಿದ್ದನ್ನು ನೀನು ಬಳಿದು, ತಟ್ಟೆ ತೊಳೆದು, ಅವರಿಬ್ಬರಿಗೆ ಚಹಾ ಮಾಡಿ ಕೊಟ್ಟೆ. ಮರುದಿನ ನಿನ್ನ ಅಣ್ಣನ ಮನೆಯ ನಾಮಕರಣಕ್ಕೆಂದು ಎರಡು ಸೀರೆ ಹಿಡಿದುಕೊಂಡು ಹೊರಟೆ. ಕೊಳೆತ ಬೀಟ್‌ರೂಟಿಗಿಂತ ನನಗೆ ಈಗ ಹೆಚ್ಚು ಹೇಸಿಗೆಯಾಗುವುದು ಆ ತಟ್ಟೆ. ಅದನ್ನು ನಾನು ತೊಳೆಯಬೇಕಿತ್ತು.

ಬಾ ಎಂದು ಹೇಳುವ ಮುಖ ನನಗಿಲ್ಲ. ಬಂದರೆ ದಾದರ್ ಸ್ಟೇಷನ್ನಿಗೆ ನಾನೇ ಬರುತ್ತೇನೆ, ಸಾಮಾನು ಹೊರುತ್ತೇನೆ. ಮಗುವಿಗೂ ಮನೆಯ ಉಳಿದ ಮಕ್ಕಳಿಗೂ ನನ್ನ ಆಶೀರ್ವಾದ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ,
ಧನರಾಜ್

ವಿ.ಸೂ.: ಸೋಮವಾರ ಬೆಳಿಗ್ಗೆ ಇದನ್ನು ಸೇರಿಸುತ್ತಿದ್ದೇನೆ. ಲಕೋಟೆಯ ಮೇಲೆ ಬರೆಯಲು ನಿನ್ನ ಅಣ್ಣನ ಮನೆಯ ಪಿನ್‌ಕೋಡ್ ಬೇಕಿತ್ತು. ನಿನ್ನ ಕಪಾಟಿನಲ್ಲಿ ಡೈರಿ ಹುಡುಕುವಾಗ ಸೀರೆಗಳ ಕೆಳಗೆ ರಕ್ತಪರೀಕ್ಷೆಯ ರಿಪೋರ್ಟ್ ಸಿಕ್ಕಿತು. ಏಪ್ರಿಲ್ ತಿಂಗಳದ್ದು, ನಿನ್ನ ಹೆಸರಿನದ್ದು. ಖಾಲಿ ಹೊಟ್ಟೆಯಲ್ಲಿ ಶುಗರ್ ಇನ್ನೂರ ತೊಂಬತ್ತು. ಅದನ್ನು ಹಿಡಿದುಕೊಂಡೇ ಶೀತಲಳ ಬಾಗಿಲು ತಟ್ಟಿದೆ. "ಲ್ಯಾಬಿಗೆ ಕಾಕಿ ಜೋಡಿ ನಾನ ಹೋಗಿದ್ದೆರಿ. ಕಾಕಾಗ ಹೇಳಬ್ಯಾಡ ಅಂದ್ರು. ಹೇಳಿದ್ರ ನಾಕ ಮಂದಿ ಮುಂದ ನಗತಾರ ಅಂದ್ರು" ಎಂದಳು. ಮಾತ್ರೆ ತೆಗೆದುಕೊಳ್ಳುತ್ತಿದ್ದೀಯೋ ಇಲ್ಲವೋ, ಅದೊಂದನ್ನು ಯಕ್ಷಿತಾಳಿಗೆ ತಿಳಿಸು. ನನಗೆ ಹೇಳದಿದ್ದರೂ ಆಗುತ್ತದೆ.