ಅಣ್ಣನ ಬಾವುಟ

ಶುಕ್ರವಾರ, ಮೇ 9

ನಾಳಿದ್ದು ಫುಟ್‌ಬಾಲ್ ಫೈನಲ್. ನಮ್ಮೂರಿನ ಎರಡು ತಂಡಗಳೇ ಎದುರುಬದುರು, ಹಾಗಾಗಿ ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಆಫ್‌ಸೈಡಿನದೇ ಪುರಾಣ. ಬಗ್ಗಿ ಶೂ ಕಟ್ಟಲಾಗದ ಹೊಟ್ಟೆಯವರೆಲ್ಲ ಆಟಗಾರನ ಹೆಬ್ಬೆರಳು ಗೆರೆ ದಾಟಿತ್ತೋ ಇಲ್ಲವೋ ಎಂದು ಟೇಪು ಹಿಡಿದು ಕೂತಿದ್ದರು.

"ವಿಡಿಯೋ ನೋಡಿ ತೀರ್ಪು ಕೊಡೋದು ಬಂದ್ಮೇಲೆ ಆಟದ ಜೀವಾನೇ ಹೋಯ್ತು ಕಣ್ರೋ. ಗೋಲಾದ್ರೆ ಕುಣಿಯೋಕೂ ಅಪ್ಪಣೆ ಬೇಕು," ಎಂದ ಅಂಗಡಿಯ ಇಸ್ತ್ರಿಯವನು, ನನ್ನತ್ತ ಕೈ ತೋರಿಸಿ. "ಇವನಣ್ಣ ಗೆರೆ ಪಕ್ಕ ಬಾವುಟ ಹಿಡಿದು ಲೈನ್ಸ್‌ಮನ್ ಆಗಿದ್ದಾಗ ನೋಡ್ಬೇಕಿತ್ತು. ಕಣ್ಣು ಅಂದ್ರೆ ಅದು!"

ಎರಡು ವರ್ಷದ ಹಿಂದೆ, ಆಫ್‌ಸೈಡ್ ಎಂದು ಬಾವುಟ ಎತ್ತಿದ್ದಕ್ಕೆ, ಅಣ್ಣನನ್ನು "ಕುರುಡ" ಎಂದು ಕೂಗಿದ್ದು ಇದೇ ಬಾಯಿ. ಬಾಟಲಿ ಎಸೆದದ್ದೂ ಇವನೇ. ಹುಬ್ಬಿಗೆ ಮೂರು ಹೊಲಿಗೆ ಹಾಕಿಸಿಕೊಂಡು ಬಂದ ಅಣ್ಣ, "ಚೆಂಡು ಒದ್ದ ಸದ್ದನ್ನ ಕಿವೀಲಿ ಹಿಡೀಬೇಕು, ಕಣ್ಣು ಗೆರೆ ಬಿಡಬಾರ್ದು. ಬೈಯೋರಿಗೆ ಅದೇನು ಗೊತ್ತು ಬಿಡು," ಎಂದಿದ್ದ. ಮತ್ತೆ ಯಾವ ಪಂದ್ಯಕ್ಕೂ ಹೋಗಲಿಲ್ಲ. ಈ ಮಾರ್ಚಿನಲ್ಲಿ ತೀರಿಯೇಹೋದ.

ಸಂಜೆ ಇಸ್ತ್ರಿಯವನು ಹತ್ತಿರ ಬಂದು ಹಲ್ಲು ಗಿಂಜಿದ. "ತಮ್ಮಾ, ಅಣ್ಣನ ಬಾವುಟ ಕೊಡು. ಫೈನಲಲ್ಲಿ ಅವನ ನೆನಪಿಗೆ ಬೀಸ್ತೀವಿ."

"ಯಾವ ಮುಖ ಇಟ್ಕೊಂಡು ಕೇಳ್ತೀಯ?" ಎಂದೆ.

ಅವನು ಪಿಳಿಪಿಳಿ ಕಣ್ಣು ಬಿಟ್ಟ. "ಯಾಕೆ? ನಾನೇನ್ ಮಾಡ್ದೆ?"

ನಟನೆಯಲ್ಲ. ನಿಜಕ್ಕೂ ಮರೆತಿದ್ದಾನೆ. ಬಾವುಟವನ್ನಂತೂ ಕೊಡುವುದಿಲ್ಲ. ಆದರೆ ದ್ವೇಷಿಸುವುದಕ್ಕೂ ಯೋಗ್ಯತೆಯಿಲ್ಲದ ಇಂಥವನ ಮೇಲೆ ನಾನು ಇಷ್ಟು ದಿನ ದ್ವೇಷ ಸಾಕಿಕೊಂಡು ಬಂದೆನಲ್ಲ.