ಮಲಗುವಾಗ ಒಂದು

೪ ಮಾರ್ಚ್, ಬೆಳಿಗ್ಗೆ ಆರು

ಈ ಮನೆಗೆ ಹಿರಿಯಳು ನಾನು. ಮನೆಯ ಕೆಳಗಿನ ಹೊಲಿಗೆ ಶೆಡ್ಡಿಗೆ ಯಜಮಾನಿಯೂ ನಾನೇ. ವಯಸ್ಸು ಅರವತ್ತಾರು. ಹೈಸ್ಕೂಲು ಪಾಸು, ಅದೂ ಮೊದಲನೇ ಸಲಕ್ಕೆ. ಹೊಲಿಯುವವರು ಒಂಬತ್ತು ಜನ, ಕತ್ತರಿಸುವವಳು ಒಬ್ಬಳೇ. ಕಟಿಂಗ್ ಮೆಷಿನ್ನಿನ ಬೀಗದ ಕೈ ಅಳತೆ ಟೇಪಿನ ಜೊತೆ ನನ್ನ ಕೊರಳಲ್ಲೇ ಇರುತ್ತದೆ. ಮೂವತ್ತೊಂದು ವರ್ಷ.

ಗೋಡೆಯ ಮೊಳೆಗೆ ನನ್ನ ಹೆಸರಿನ ಚಿಂದಿ ಒಮ್ಮೆಯೂ ಏರಿಲ್ಲ. ಆ ಮೊಳೆ ನನ್ನದೇ ಕಾಯಿದೆ. ಬಟ್ಟೆ ಕೆಡಿಸಿದವರು ಕೆಟ್ಟ ತುಂಡಿನ ಮೇಲೆ ಗುರುತು ಹಾಕುವ ಸುಣ್ಣದ ಚಾಕಿನಲ್ಲಿ ಹೆಸರು ಬರೆದು ತಾವೇ ತೂಗುಹಾಕಬೇಕು. ಒಂದು ತಿಂಗಳು ಅಲ್ಲೇ ಇರಬೇಕು. ಬೈಯುವ ಕೆಲಸವಿಲ್ಲ, ಮರೆಯುವ ಹಾಗೂ ಇಲ್ಲ. ಮಗ ಬರೆದಿದ್ದಾನೆ. ಸೊಸೆ ಎರಡು ಸಲ ಬರೆದಿದ್ದಾಳೆ.

ನಿನ್ನೆ ಬಟ್ಟೆಯ ಸುರುಳಿ ಎತ್ತಿದೆ. ಸೊಸೆ ಬೇಡ ಅಂದಳು. ಅದಕ್ಕೇ ಎತ್ತಿದೆ. ಬೆನ್ನು ಕೊರಡಾಯಿತು. ಚಪ್ಪಲಿ ಹಾಕಿಕೊಳ್ಳಲೂ ಇನ್ನೊಬ್ಬರು ಬೇಕು. ಡಾಕ್ಟರಮ್ಮನ ಹತ್ತಿರ ಹೋಗಬೇಕಂತೆ. ನೋಡೋಣ...

ಅದೇ ದಿನ, ಸಂಜೆ

ಹೋಗಿ ಬಂದೆ. ಮೂಳೆಗೇನೂ ಆಗಿಲ್ಲ, ಸ್ನಾಯು ಬಿಗಿದುಕೊಂಡಿದೆ, ಸಡಿಲ ಮಾಡುವ ಮಾತ್ರೆ ಕೊಡುತ್ತೇನೆ ಅಂದರು. ಸಡಿಲ! ಈ ಮನೆಯಲ್ಲಿ ಗುಂಡಿಯೂ ಸಡಿಲವಿಲ್ಲ, ನಾಲಗೆಯೂ ಸಡಿಲವಿಲ್ಲ. ನನ್ನ ಬೆನ್ನೇ ಏಕೆ ಸಡಿಲವಾಗಬೇಕು?

"ಬೇರೆ ಏನಾದ್ರೂ ತಗೊಳ್ತೀರಾ?" ಅಂತ ಡಾಕ್ಟರಮ್ಮ ಕೇಳಿದರು.

"ಏನೂ ಇಲ್ಲ."

"ಹೆಮ್ಮೆ," ಅಂದಳು ಪಕ್ಕದಲ್ಲಿದ್ದ ಸೊಸೆ. "ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ."

ಡಾಕ್ಟರಮ್ಮ ಕೆಮ್ಮಿದರು. ಅದು ಕೆಮ್ಮಲ್ಲ ಅಂತ ನನಗೆ ಗೊತ್ತು.

ಹತ್ತು ಮಾತ್ರೆ. ತೂಕಡಿಕೆ ಬರುತ್ತದಂತೆ. ಗಾಡಿ ಓಡಿಸಬಾರದು, ಮೆಷಿನ್ ಮುಟ್ಟಬಾರದು. ಮದ್ಯ ಕೂಡದು. ನೆಗಡಿ ಮಾತ್ರೆಯನ್ನೂ ಕೇಳದೆ ನುಂಗಬಾರದು. ಮದ್ಯದ ಮಾತಿಗೆ ನಾನು ನೋಡಿದ ನೋಟಕ್ಕೆ ಅವರು ಮುಂದಿನದನ್ನು ಬೇಗ ಬೇಗ ಹೇಳಿ ಮುಗಿಸಿದರು. ಮೆಡಿಕಲ್ ಶಾಪಿನವನು ಕವರಿನ ಮೇಲೆ ಬರೆದುಕೊಟ್ಟ: ಮಲಗುವಾಗ ಒಂದು. ಅಕ್ಷರ ಕೋಳಿ ಕೆದರಿದ ಹಾಗೆ.

ಮೆಷಿನ್ ಅಂದರೆ ಕಾರ್ಖಾನೆಯ ಮೆಷಿನ್ ಇರಬೇಕು. ನನ್ನದು ಮೆಷಿನ್ನಲ್ಲ, ನನ್ನ ಕೈ.

೫ ಮಾರ್ಚ್, ಸಂಜೆ

ರಾತ್ರಿ ಒಂದು ನುಂಗಿದೆ. ಬಂಡೆಯ ಹಾಗೆ ನಿದ್ದೆ. ಬೆಳಿಗ್ಗೆ ಬಾಯಿ ಒಣ, ತಲೆ ಹತ್ತಿ ತುಂಬಿದ ದಿಂಬು. ಆದರೆ ಬೆನ್ನು ಬಗ್ಗಿತು. ಮಧ್ಯಾಹ್ನ ಊಟವಾದ ಮೇಲೆ ಎಂದಿನಂತೆ ಬೆಂಚಿನ ಮೇಲೆ ಮಲಗಿದೆ. ಮಲಗುವಾಗ ಒಂದು. ನುಂಗಿದೆ. ಹೇಳಿದ ಮೇಲೆ ಹೇಳಿದಂತೆ — ನನ್ನಲ್ಲಿ ಅರ್ಧಂಬರ್ಧ ಇಲ್ಲ.

ತಂಗಿ ಬಂದಿದ್ದಳು. "ಅಕ್ಕಾ, ನಂಗೂ ಸೊಂಟ ಹಿಡ್ಕೊಂಡಿದೆ. ಎರಡು ಮಾತ್ರೆ ಕೊಡೇ."

"ನನ್ನ ಅಳತೆಗೆ ಹೊಲಿದ ಅಂಗಿ ನಿನಗೆ ಸರಿಹೋಗುತ್ತಾ?"

"ಅಂಗಿ ಬೇರೆ, ಮಾತ್ರೆ ಬೇರೆ."

"ಎರಡೂ ಅಳತೆ ತಗೊಂಡೇ ಕೊಡೋದು. ನಿನ್ನ ಬಿ.ಪಿ. ಮಾತ್ರೆ ಜೊತೆ ಇದು ಜಗಳ ಆಡಿದರೆ ಬಿಡಿಸೋರು ಯಾರು? ಡಾಕ್ಟರಮ್ಮನ ಹತ್ತಿರ ಹೋಗು."

ಮುಖ ಊದಿಸಿಕೊಂಡು ಹೋದಳು. ಹೋಗಲಿ. ಜಿಪುಣಿ ಅಂದುಕೊಂಡರೂ ಚಿಂತೆಯಿಲ್ಲ.

೬ ಮಾರ್ಚ್, ಮಧ್ಯಾಹ್ನ

ಶಾಲೆಯ ಅಂಗಿಗಳ ಕೆಲಸ. ಇಪ್ಪತ್ತೆಂಟು ಪದರ ಹಾಸಿದ್ದೇವೆ. ಸೊಸೆ ಹೇಳಿದಳು, "ಅತ್ತೆ, ಹತ್ತು ದಿನ ನಾನು ಕತ್ತರಿಸ್ತೀನಿ. ನೀವು ಕೂತು ಹೇಳಿ."

"ಕೂತು ಹೇಳೋದು ಗಡಿಯಾರ. ನಾನಲ್ಲ."

ಈಗ ಮಲಗುತ್ತೇನೆ. ಮಾತ್ರೆ ಆಯಿತು. ನಾಲ್ಕಕ್ಕೆ ಏಳಬೇಕು.

೭ ಮಾರ್ಚ್, ಬೆಳಿಗ್ಗೆ

ನಿನ್ನೆ ಸಂಜೆ ಬೆಳಕು ಸರಿ ಇರಲಿಲ್ಲ. ನೆಲ ಜಾರುತ್ತಿತ್ತು. ಬಟ್ಟೆಯೂ ನುಣುಪು.

ಸುಳ್ಳು. ಇದು ನನ್ನ ಪುಸ್ತಕ, ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಲಿ?

ಕತ್ತರಿಸುವಾಗ ಕಣ್ಣು ಮುಚ್ಚಿತು. ಒಂದು ಗಳಿಗೆ, ಅಷ್ಟೇ. ಬ್ಲೇಡು ಚಾಕಿನ ಗೆರೆ ಬಿಟ್ಟು ಓಡಿತು. ತೋಳಿನ ಭಾಗ ಇಪ್ಪತ್ತೆಂಟೂ ಸೀಳಿದವು. ಎದುರಿಗೆ ಸೊಸೆ ಪದರ ಒತ್ತಿ ಹಿಡಿದಿದ್ದಳು. ಅವಳ ಕೈಗೂ ಬ್ಲೇಡಿಗೂ ನಡುವೆ ಎರಡು ಬೆರಳು ಜಾಗ. ಅವಳೇ ಪ್ಲಗ್ ಕಿತ್ತಳು. ಶೆಡ್ಡಿನಲ್ಲಿ ಒಂಬತ್ತು ಹೊಲಿಗೆ ಮೆಷಿನ್ನುಗಳೂ ಒಟ್ಟಿಗೆ ನಿಂತವು. ಯಾರೂ ಮೊಳೆಯ ಕಡೆ ನೋಡಲಿಲ್ಲ. ನೋಡದಿರಲು ಎಷ್ಟು ಕಷ್ಟಪಟ್ಟರು ಅಂತ ನಾನು ನೋಡಿದೆ.

ಸೊಸೆ ಮಾತ್ರೆಯ ಪಟ್ಟಿ ಎಣಿಸಿದಳು. "ಅತ್ತೆ, ಎರಡು ರಾತ್ರಿಗೆ ನಾಲ್ಕು ಹೇಗೆ ಹೋಯ್ತು?"

"ಮಲಗುವಾಗ ಒಂದು. ನಾಲ್ಕು ಸಲ ಮಲಗಿದೆ."

ಅವಳು ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು.

ಡಾಕ್ಟರಮ್ಮನಿಗೆ ಫೋನು ಮಾಡಿದಳು. ಆ ರಾತ್ರಿ ಮಾತ್ರೆ ಬೇಡ, ಒಬ್ಬರನ್ನೇ ಮಲಗಿಸಬೇಡಿ, ಕರೆದರೆ ಏಳದಿದ್ದರೆ ಅಥವಾ ಉಸಿರಾಟ ನಿಧಾನವಾದರೆ ಕೂಡಲೇ ಆಸ್ಪತ್ರೆ ಅಂದರಂತೆ. ಪಕ್ಕದಲ್ಲೇ ಮಲಗಿದಳು. ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು, ಅದೇ ಕೈ. ನಾನು ಎಚ್ಚರವಿದ್ದೆ. ಕಣ್ಣು ತೆರೆಯಲಿಲ್ಲ.

ಅದೇ ದಿನ, ಹನ್ನೊಂದು ಗಂಟೆ

ಮೆಡಿಕಲ್ ಶಾಪಿಗೆ ಹೋಗಿ ಕವರು ಅವನ ಮುಂದಿಟ್ಟೆ.

"ಇದೇನು ಬರೆದಿದ್ದೀಯ?"

"ಮಲಗುವಾಗ ಒಂದು, ಅಮ್ಮಾ. ಅಂದ್ರೆ ರಾತ್ರಿ."

"ಮಧ್ಯಾಹ್ನ ನಾನು ನಿಂತುಕೊಂಡಾ ಮಲಗೋದು? ರಾತ್ರಿ ಅಂತ ಬರೆಯೋಕೆ ಕೈಗೇನು ಬರ ಬಂದಿತ್ತಾ?"

"ಎಲ್ರಿಗೂ ಅರ್ಥ ಆಗುತ್ತಮ್ಮ..."

"ಎಲ್ಲರೂ ಹೇಳಿದ್ದನ್ನ ಅರ್ಧ ಮಾಡ್ತಾರೆ. ನಾನು ಪೂರ್ತಿ ಮಾಡ್ತೀನಿ. ನನ್ನಂಥೋರಿಗೆ ಬರಿ."

ಹಿಂದೆ ಸಾಲಿನಲ್ಲಿದ್ದ ಮುದುಕರೊಬ್ಬರು ತಮ್ಮ ಕವರನ್ನೂ ಮುಂದೆ ಚಾಚಿದರು. "ನಂದೂ ಬಿಡಿಸಿ ಬರಿಯಪ್ಪ." ಇಬ್ಬರದೂ ಬರೆದ. ರಾತ್ರಿ, ದಿನಕ್ಕೆ ಒಂದೇ. ಈ ಸಲ ಅಕ್ಷರ ದುಂಡಗಿದ್ದವು.

ಅಲ್ಲಿಂದ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಮಾತ್ರ ಬಗ್ಗಲಿಲ್ಲ. ಉಳಿದ ಆರು, ರಾತ್ರಿ ಒಂದೊಂದು. ಮುಗಿದ ಮೇಲೂ ಒಂದು ದಿನ ಪೂರ್ತಿ ಕಳೆಯಬೇಕು. ಅಲ್ಲಿಯವರೆಗೆ ಬ್ಲೇಡಿನ ಹತ್ತಿರ ಸುಳಿಯಬಾರದು. "ರಾತ್ರಿ ನುಂಗಿದ್ದು ಬೆಳಿಗ್ಗೆನೂ ಮೈಯಲ್ಲೇ ಇರುತ್ತೆ. ನಿಮ್ಮ ಕೈ ಎಷ್ಟು ಪಳಗಿದ್ದರೂ ಮಾತ್ರೆಗೆ ಅದು ಗೊತ್ತಿಲ್ಲ."

ಮನೆಗೆ ಬಂದರೆ ಮಗನದು ಬೇರೆ ರಾಗ. "ಅಮ್ಮ, ಸಾಕು ಬಿಡು. ಹೊರಗಿನಿಂದ ಒಬ್ಬ ಕಟಿಂಗ್ ಮಾಸ್ಟರನ್ನ ಕರೆಸ್ತೀನಿ. ನೀನು ಇನ್ಮೇಲೆ ಆರಾಮಾಗಿರು."

ಇನ್ಮೇಲೆ! ಮಾತ್ರೆ ಮುಗಿಯುವವರೆಗೆ ಅಲ್ಲ, ನಾನು ಮುಗಿಯುವವರೆಗೆ. ಒಂದು ತಪ್ಪಿಗೆ ಮೂವತ್ತೊಂದು ವರ್ಷ ಮಡಚಿ ಕಪಾಟಿನಲ್ಲಿಡಬೇಕೇ?

ಮಾತ್ರೆಯನ್ನೇ ಬಿಟ್ಟರೆ ಆಯಿತಲ್ಲ. ನೋವು ನನಗೆ ಹೊಸದೇನಲ್ಲ. ನಾಲ್ಕು ಹೆತ್ತವಳು. ಇವತ್ತು ರಾತ್ರಿ ನುಂಗುವುದಿಲ್ಲ. ನಾಳೆ ಬೆಳಿಗ್ಗೆ ಮೆಷಿನ್ ಮುಂದೆ ನಿಲ್ಲುತ್ತೇನೆ. ಯಾರು ತಡೆಯುತ್ತಾರೋ ನೋಡಿಯೇ ಬಿಡೋಣ.

೯ ಮಾರ್ಚ್, ಮಧ್ಯಾಹ್ನ ಎರಡು

ನಿನ್ನೆ ಬರೆಯಲಾಗಲಿಲ್ಲ. ಪೆನ್ನು ಎತ್ತಲೂ ಬೆನ್ನಿನ ಅಪ್ಪಣೆ ಬೇಕಿತ್ತು. ಹಾಸಿಗೆಯಿಂದ ಎದ್ದಾಗ ಒಂಬತ್ತು. ಬಾಗಿಲ ತನಕ ಹೋದೆ, ಗೋಡೆ ಹಿಡಿದು. ಬೀಗದ ಕೈ ಕೊರಳಲ್ಲಿ ತೂಗುತ್ತಿತ್ತು. ಮೆಟ್ಟಿಲು ಇಳಿಯಲಾಗಲಿಲ್ಲ.

ಅಲ್ಲಿಯೇ ನಿಂತು ಯೋಚಿಸಿದೆ. ಮಾತ್ರೆ ಇಲ್ಲದೆ ಕತ್ತರಿಸಲಾರೆ. ಮಾತ್ರೆ ನುಂಗಿ ಕತ್ತರಿಸಬಾರದು. ಎರಡು ಬೆರಳು ಜಾಗ — ಎದ್ದರೂ ಕೂತರೂ ಕಣ್ಣ ಮುಂದೆ ಅದೇ. ಬಟ್ಟೆ ಆದರೆ ಇನ್ನೊಂದು ತರಬಹುದು.

ರಾತ್ರಿ ಒಂದು ನುಂಗಿದೆ. ಒಂದೇ.

ಇವತ್ತು ಬೆಳಿಗ್ಗೆ ಸೊಸೆಯ ತೋಳು ಹಿಡಿದು ಇಳಿದೆ. ಎಲ್ಲರೂ ಎದ್ದು ನಿಂತರು. ಕೂತುಕೊಳ್ಳಿ ಅನ್ನಲಿಲ್ಲ, ನಿಂತೇ ಕೇಳಲಿ. ಸೀಳಿದ ತೋಳಿನ ತುಂಡು ಯಾರೋ ಮೇಜಿನ ಕೆಳಗೆ ಅಡಗಿಸಿಟ್ಟಿದ್ದರು. ಕಾಲಿನಿಂದ ಈಚೆ ಎಳೆದೆ. ಸೊಸೆ ಎತ್ತಿಕೊಟ್ಟಳು. ಚಾಕು ಕೇಳಿದೆ. ಮಗ ಹೌಹಾರಿದ. "ಚಾಕು ಯಾಕಮ್ಮ?"

"ಕತ್ತರಿಸೋ ಚಾಕುವಲ್ಲ, ಬರೆಯೋ ಚಾಕು. ಹೊಲಿಗೆ ಮನೇಲಿ ಹುಟ್ಟಿ ಇಷ್ಟೂ ತಿಳಿಯಲ್ವಾ?"

ಹೆಸರು ಬರೆದೆ. ಪೂರ್ತಿ ಹೆಸರು, ದೊಡ್ಡ ಅಕ್ಷರ. ನಾನೇ ಮೊಳೆಗೆ ಹಾಕಿದೆ. ಕೈ ಅಷ್ಟು ಮೇಲೆ ಏರಲು ಮೂರು ಸಲ ಉಸಿರು ಬಿಗಿಹಿಡಿಯಬೇಕಾಯಿತು. ಯಾರನ್ನೂ ಮುಟ್ಟಗೊಡಲಿಲ್ಲ. "ಒಂದು ತಿಂಗಳು. ಒಂದು ದಿನ ಮೊದಲು ಯಾರಾದರೂ ತೆಗೆದರೆ ಅವರ ಹೆಸರನ್ನೂ ಅಲ್ಲೇ ಬರೀತೀನಿ."

ಆಮೇಲೆ ಬೀಗದ ಕೈ ಕೊರಳಿನಿಂದ ತೆಗೆದೆ. ಸೊಸೆಯ ಕೊರಳಿಗೆ ಹಾಕಿದೆ. ಕತ್ತು ತಣ್ಣಗಾಯಿತು.

"ಹದಿನೈದನೇ ತಾರೀಖಿನ ತನಕ," ಅಂದೆ. "ಹದಿನಾರಕ್ಕೆ ವಾಪಸು ಅಂತಲ್ಲ. ಹದಿನೈದರ ಬೆಳಿಗ್ಗೆ ಎಂಟಕ್ಕೆ."

"ಕೊಡ್ತೀನಿ ಅತ್ತೆ."

"ನಾನು ಕೇಳಿದರೂ ಅದಕ್ಕೆ ಮೊದಲು ಕೊಡಬೇಡ. ಬೈದರೂ ಕೊಡಬೇಡ."

"ಬೈಗುಳ ನಂಗೆ ಹೊಸದಾ?" ಅಂದಳು. ಕಣ್ಣು ಮಾತ್ರ ಬೇರೆ ಏನೋ ಹೇಳುತ್ತಿತ್ತು. ನೋಡದ ಹಾಗೆ ಮಾಡಿದೆ.

ಮಗನ ಕಡೆ ತಿರುಗಿದೆ. "ಕಟಿಂಗ್ ಮಾಸ್ಟರು ಮನೆಯೊಳಗೇ ಇದ್ದಾಳೆ. ಹೊರಗೆ ಹುಡುಕಬೇಡ."

ಈಗ ಮಹಡಿಯ ಬೆಂಚಿನ ಮೇಲಿದ್ದೇನೆ. ಮಲಗುವ ಹೊತ್ತು. ಮಾತ್ರೆ ಇಲ್ಲ, ನೀರು ಮಾತ್ರ ಕುಡಿದೆ. ಕೆಳಗೆ ಮೆಷಿನ್ ಶುರುವಾಯಿತು. ನೇರ ಗೆರೆ, ಪರವಾಗಿಲ್ಲ. ಕಂಕುಳ ತಿರುವಿಗೆ ಬರುತ್ತಿದ್ದಾಳೆ. ನಿಧಾನ ಮಾಡಿದಳು. ಮಾಡಲೇಬೇಕು, ಅಲ್ಲಿ ಬಟ್ಟೆ ಎಳೆಯುತ್ತದೆ. ಸ್ವಲ್ಪ ಬಿಗಿ ಹಿಡಿ... ಹಾಂ, ಈಗ ಸಡಿಲ —